ಕೊಡಾಕ್ ಮುಳುಗಿದ್ದಕ್ಕೇ ರಾಚೆಸ್ಟರ್ ಬಡವಾಯಿತಾ?

ಅಮೆರಿಕದ ರಾಚೆಸ್ಟರ್ ನಗರದ ಬಗ್ಗೆ ಎಲ್ಲರೂ ಹೇಳುವ ಕಥೆ ಒಂದೇ. ಕ್ಯಾಮೆರಾ ರೀಲು ಮಾಡುವ ಕೊಡಾಕ್ ಕಂಪನಿ ಅಲ್ಲಿತ್ತು, ಊರಿಗೆಲ್ಲ ಅನ್ನ ಹಾಕಿತು. ಡಿಜಿಟಲ್ ಕ್ಯಾಮೆರಾ ಬಂತು, ಕೊಡಾಕ್ ಮುಳುಗಿತು, ಜೊತೆಗೆ ಊರೂ ಮುಳುಗಿತು. ಹೇಳಲು ಸುಲಭ, ನೆನಪಿಡಲೂ ಸುಲಭ. ಆದರೆ ಜನಗಣತಿಯ ಅಂಕಿಗಳನ್ನು ಕೊಡಾಕ್ ನೌಕರರ ಲೆಕ್ಕದ ಪಕ್ಕ ಇಟ್ಟು ನೋಡಿದರೆ ಈ ಕಥೆ ಕೂಡುವುದೇ ಇಲ್ಲ.

1950ರಲ್ಲಿ ರಾಚೆಸ್ಟರ್‌ನಲ್ಲಿ 3,32,488 ಜನ ಇದ್ದರು. ಅದಕ್ಕಿಂತ ಜಾಸ್ತಿ ಯಾವ ಗಣತಿಯಲ್ಲೂ ಸಿಕ್ಕಿಲ್ಲ. 1980ಕ್ಕೆ ಬರುವಾಗ 2,41,741. ಮೂವತ್ತು ವರ್ಷದಲ್ಲಿ 90 ಸಾವಿರ ಜನ ಕಡಿಮೆಯಾದರು. ಆ ಮೂವತ್ತು ವರ್ಷ ಕೊಡಾಕ್ ಹೇಗಿತ್ತು? ಬೆಳೆಯುತ್ತಲೇ ಇತ್ತು. ಆ ಭಾಗದಲ್ಲಿ ಅದರ ನೌಕರರ ಸಂಖ್ಯೆ ತುದಿ ಮುಟ್ಟಿದ್ದು 1982ರಲ್ಲಿ, 60 ಸಾವಿರಕ್ಕೂ ಮೇಲೆ. ಆಮೇಲೆ ಇಳಿಯತೊಡಗಿತು. 2012ರ ಜನವರಿಯಲ್ಲಿ ದಿವಾಳಿ ಅರ್ಜಿ ಹಾಕಿತು. ಈ ಇಳಿಗಾಲದಲ್ಲಿ, ಅಂದರೆ 1980ರಿಂದ 2010ರವರೆಗೆ, ನಗರ ಕಳೆದುಕೊಂಡದ್ದು 31 ಸಾವಿರ ಜನರನ್ನು. 2020ರ ಗಣತಿಯಲ್ಲಿ 763 ಜನ ಹೆಚ್ಚೇ ಆದರು. ಎಪ್ಪತ್ತು ವರ್ಷದಲ್ಲಿ ಅದೇ ಮೊದಲ ಏರಿಕೆ.

ಹಾಗಾದರೆ ಜನ ಊರು ಬಿಟ್ಟದ್ದು ಕೊಡಾಕ್ ಚೆನ್ನಾಗಿ ನಡೆಯುತ್ತಿದ್ದಾಗ. ಈ ಒಂದು ವಿಷಯ ಹಿಡಿದುಕೊಂಡರೆ ರಾಚೆಸ್ಟರ್ ಅರ್ಥವಾಗುತ್ತದೆ. ಅಷ್ಟೇ ಅಲ್ಲ, ಸಿರಾಕ್ಯೂಸ್, ಬಫಲೊ, ಡೇಟನ್‌ನಂಥ ಎಷ್ಟೋ ಮಧ್ಯಮ ಗಾತ್ರದ ಅಮೆರಿಕನ್ ನಗರಗಳ ಅಂಕಿಗಳನ್ನು ಹೇಗೆ ಓದಬೇಕು ಅನ್ನುವುದೂ ಗೊತ್ತಾಗುತ್ತದೆ.

ಮೊದಲು ಊರು ಎಲ್ಲಿದೆ, ಹೇಗೆ ಬೆಳೆಯಿತು ಅಂತ ಚುಟುಕಾಗಿ ನೋಡೋಣ. ನ್ಯೂಯಾರ್ಕ್ ಅಂದ ಕೂಡಲೇ ಮ್ಯಾನ್‌ಹ್ಯಾಟನ್ ನೆನಪಾಗುತ್ತದೆ. ರಾಚೆಸ್ಟರ್ ಇರುವುದು ಅದೇ ರಾಜ್ಯದಲ್ಲಾದರೂ ಇನ್ನೊಂದು ಮೂಲೆಯಲ್ಲಿ, ಒಂಟಾರಿಯೊ ಸರೋವರದ ದಂಡೆಯಲ್ಲಿ. ಜೆನೆಸೀ ನದಿ ಊರಿನ ನಡುವೆಯೇ ಜಲಪಾತವಾಗಿ ಧುಮುಕುತ್ತದೆ. ಆ ನೀರಿನ ಬಲದಿಂದ ಹಿಟ್ಟಿನ ಗಿರಣಿಗಳು ಎದ್ದವು. 1825ರಲ್ಲಿ ಈರಿ ಕಾಲುವೆ ಪೂರ್ತಿಯಾದ ಮೇಲೆ ಹಿಟ್ಟು ದೋಣಿ ಏರಿ ಪೂರ್ವ ಕರಾವಳಿಗೆ ಹೋಯಿತು. ಗುಲಾಮಗಿರಿಯಿಂದ ತಪ್ಪಿಸಿಕೊಂಡು ಬಂದ ಫ್ರೆಡರಿಕ್ ಡಗ್ಲಸ್ 1847ರಲ್ಲಿ ತಮ್ಮ ಪತ್ರಿಕೆ ಶುರು ಮಾಡಿದ್ದು ಇಲ್ಲೇ. ಹೆಂಗಸರಿಗೆ ಮತದಾನದ ಹಕ್ಕಿಲ್ಲದ 1872ರಲ್ಲಿ ಸೂಸನ್ ಬಿ. ಆಂಟನಿ ಮತ ಹಾಕಿ ಬಂಧನಕ್ಕೊಳಗಾದದ್ದೂ ಇಲ್ಲೇ. ಆಮೇಲೆ ಕನ್ನಡಕದ ಗಾಜಿನ ಬಾಷ್ ಅಂಡ್ ಲಾಂಬ್, ಜಾರ್ಜ್ ಈಸ್ಟ್‌ಮನ್‌ನ ಕೊಡಾಕ್, ಕೊನೆಗೆ ಜೆರಾಕ್ಸ್. ನಮ್ಮ ತಾಲ್ಲೂಕು ಕಚೇರಿಗಳ ಮುಂದೆ ಸಾಲಾಗಿ ನಿಂತಿರುವ ಜೆರಾಕ್ಸ್ ಅಂಗಡಿಗಳಿಗೆ ಹೆಸರು ಕೊಟ್ಟ ಕಂಪನಿ ಹುಟ್ಟಿದ್ದು ಈ ಊರಿನಲ್ಲಿ. 1959ರಲ್ಲಿ ಅದರ 914 ಯಂತ್ರ ಬಂದ ಮೇಲೆಯೇ ಕಚೇರಿಗಳಲ್ಲಿ ನಕಲು ತೆಗೆಯುವುದು ಗುಂಡಿ ಒತ್ತಿದಷ್ಟು ಸುಲಭವಾದದ್ದು.

ನಗರ ಎಂದರೆ ಒಂದು ಗೆರೆ

ಈಗ ಮುಖ್ಯ ವಿಷಯಕ್ಕೆ ಬರೋಣ. ರಾಚೆಸ್ಟರ್ ಎಂದರೆ ಎಷ್ಟು ದೊಡ್ಡ ಊರು? ಇದಕ್ಕೆ ಮೂರು ಉತ್ತರಗಳಿವೆ. 2020ರ ಗಣತಿಯಲ್ಲಿ ನಗರದ ಜನಸಂಖ್ಯೆ 2,11,328. ನಗರ ಇರುವ ಮನ್ರೋ ಕೌಂಟಿಯದು 7,59,443. ಕೌಂಟಿ ಎಂದರೆ ಸುಮಾರಾಗಿ ನಮ್ಮ ಜಿಲ್ಲೆ ಅಂದುಕೊಳ್ಳಿ. ಸುತ್ತಲಿನ ಕೌಂಟಿಗಳನ್ನೂ ಸೇರಿಸಿದ ಮಹಾನಗರ ಪ್ರದೇಶದ್ದು ಸುಮಾರು 10 ಲಕ್ಷ 90 ಸಾವಿರ. ಒಂದೇ ಹೆಸರು, ಮೂರು ಸಂಖ್ಯೆ. ಪತ್ರಿಕೆಯಲ್ಲಿ ಬಂದ ಅಂಕಿ ಯಾವ ರಾಚೆಸ್ಟರ್‌ದು ಅಂತ ಕೇಳದೇ ಓದಿದರೆ ದಾರಿ ತಪ್ಪುವುದು ಖಂಡಿತ.

1950ರಲ್ಲಿ ಮನ್ರೋ ಕೌಂಟಿಯ ಒಟ್ಟು ಜನ 4,87,632. ಅದರಲ್ಲಿ ನೂರಕ್ಕೆ 68 ಮಂದಿ ನಗರದೊಳಗೆ ಇದ್ದರು. 2020ರಲ್ಲಿ ನಗರದೊಳಗೆ ಇರುವವರು ನೂರಕ್ಕೆ 28 ಮಾತ್ರ. ನಗರದ ಗೆರೆಯ ಹೊರಗೆ, ಆದರೆ ಅದೇ ಕೌಂಟಿಯೊಳಗೆ ಇರುವವರು ಒಂದೂವರೆ ಲಕ್ಷದಿಂದ ಐದೂವರೆ ಲಕ್ಷಕ್ಕೆ ಏರಿದರು. ಜನ ಆ ಸೀಮೆ ಬಿಟ್ಟು ಹೋಗಲಿಲ್ಲ. ಗೆರೆ ದಾಟಿ, ಕಾರಿನಲ್ಲಿ ಹದಿನೈದು ಇಪ್ಪತ್ತು ನಿಮಿಷ ದೂರ ಹೋಗಿ ಮನೆ ಮಾಡಿದರು. ಕೊಡಾಕ್‌ಗೆ, ಜೆರಾಕ್ಸ್‌ಗೆ ಕೆಲಸಕ್ಕೆ ಬರುತ್ತಲೇ ಇದ್ದರು.

ಬೆಂಗಳೂರಿನವರಿಗೆ ಇದು ವಿಚಿತ್ರ ಅನ್ನಿಸಬಹುದು. ನಮ್ಮಲ್ಲಿ ಊರು ಬೆಳೆದ ಹಾಗೆ ಸರ್ಕಾರ ಗಡಿಯನ್ನೂ ಸರಿಸುತ್ತದೆ. 2007ರಲ್ಲಿ ಏಳು ನಗರಸಭೆ, ಒಂದು ಪುರಸಭೆ, 110 ಹಳ್ಳಿಗಳನ್ನು ಒಟ್ಟಿಗೆ ಸೇರಿಸಿ ಬಿಬಿಎಂಪಿ ಮಾಡಿದ್ದು ನೆನಪಿದೆಯಲ್ವಾ? ನ್ಯೂಯಾರ್ಕ್ ರಾಜ್ಯದಲ್ಲಿ ಹಾಗೆ ಆಗುವುದಿಲ್ಲ. ಸೇರಿಸಿಕೊಳ್ಳಬೇಕಾದ ಜಾಗದ ಜನರೇ ಮತ ಹಾಕಿ ಒಪ್ಪಬೇಕು ಅಂತ ಅಲ್ಲಿನ ಸಂವಿಧಾನವೇ ಹೇಳುತ್ತದೆ. ಒಳ್ಳೆಯ ಶಾಲೆ, ಒಳ್ಳೆಯ ರಸ್ತೆ ಇರುವ ಉಪನಗರದವರು ಯಾಕೆ ಒಪ್ಪುತ್ತಾರೆ? ಹೀಗಾಗಿ ರಾಚೆಸ್ಟರ್‌ನ ಗೆರೆ ಹೆಚ್ಚುಕಡಿಮೆ ನೂರು ವರ್ಷದಿಂದ ಇದ್ದಲ್ಲೇ ಇದೆ. ಒಳಗಿನ ನೆಲ 93 ಚದರ ಕಿಲೋಮೀಟರ್‌ನಷ್ಟು. ಅದರ ಸುತ್ತ ಗ್ರೀಸ್, ಐರೊಂಡಿಕ್ವಾಯ್ಟ್, ಬ್ರೈಟನ್, ಪಿಟ್ಸ್‌ಫರ್ಡ್, ಪೆನ್‌ಫೀಲ್ಡ್, ಹೆನ್ರಿಯೆಟ್ಟಾ, ವೆಬ್‌ಸ್ಟರ್ ಅಂತ ಟೌನ್‌ಗಳು. ಒಂದೊಂದಕ್ಕೂ ಬೇರೆ ಆಡಳಿತ, ಬೇರೆ ತೆರಿಗೆ, ಬೇರೆ ಶಾಲೆಗಳು.

ಗೆರೆಯ ಎರಡು ಕಡೆಯ ಲೆಕ್ಕ ನೋಡಿ. ಎಲ್ಲ ಮನೆಗಳನ್ನೂ ಆದಾಯದ ಪ್ರಕಾರ ಸಾಲಾಗಿ ನಿಲ್ಲಿಸಿ, ಸರಿಯಾಗಿ ನಡುವಿನ ಮನೆಯ ಆದಾಯ ತೆಗೆದುಕೊಳ್ಳುವುದನ್ನು ಮಧ್ಯಕ ಆದಾಯ ಎನ್ನುತ್ತಾರೆ. ಸರಾಸರಿಗಿಂತ ಇದು ನಂಬಿಕಸ್ಥ, ಯಾಕೆಂದರೆ ಒಬ್ಬ ಕೋಟ್ಯಧಿಪತಿ ಬಂದು ಸೇರಿದರೂ ಇದು ಅಲ್ಲಾಡುವುದಿಲ್ಲ. ಈಚಿನ ಸಮೀಕ್ಷೆಗಳಲ್ಲಿ ರಾಚೆಸ್ಟರ್ ನಗರದ ಮನೆಯೊಂದರ ವಾರ್ಷಿಕ ಮಧ್ಯಕ ಆದಾಯ 44 ಸಾವಿರ ಡಾಲರ್ ಆಸುಪಾಸು. ಇಡೀ ಮನ್ರೋ ಕೌಂಟಿಯದು 71 ಸಾವಿರದ ಆಸುಪಾಸು. ಪಿಟ್ಸ್‌ಫರ್ಡ್‌ನಲ್ಲಿ ಅದು ಒಂದು ಲಕ್ಷವನ್ನೂ ದಾಟುತ್ತದೆ. ಇವೆಲ್ಲ ಒಂದೇ ಟಿವಿ ಚಾನೆಲ್ ನೋಡುವ, ಒಂದೇ ಆಸ್ಪತ್ರೆಗೆ ಹೋಗುವ ಜನರ ಅಂಕಿಗಳು.

ಬಡತನದ ಪ್ರಮಾಣವೂ ಹೀಗೇ. ನಗರದಲ್ಲಿ ನೂರಕ್ಕೆ ಸುಮಾರು 28ರಿಂದ 30 ಮಂದಿ ಬಡತನ ರೇಖೆಯ ಕೆಳಗಿದ್ದಾರೆ. ನಾಲ್ಕು ಜನರ ಮನೆಗೆ ಆ ರೇಖೆ 2022ರಲ್ಲಿ ವರ್ಷಕ್ಕೆ ಸುಮಾರು 30 ಸಾವಿರ ಡಾಲರ್. ರೂಪಾಯಿಗೆ ತಿರುಗಿಸಿ ‘ಅಷ್ಟು ದುಡ್ಡಾ!’ ಅನ್ನಬೇಡಿ. ಮನೆ ಬಾಡಿಗೆ, ಹೀಟರ್ ಬಿಲ್ಲು, ಕಾರಿನ ವಿಮೆ ಕಟ್ಟುವುದು ಡಾಲರಿನಲ್ಲೇ. ಹಿಮ ಬೀಳುವ ಐದು ತಿಂಗಳು ಮನೆ ಬೆಚ್ಚಗಿಡದೆ ಬದುಕಲು ಆಗುವುದಿಲ್ಲ.

ಇಲ್ಲಿ ಒಂದು ಪ್ರಶ್ನೆ ಬರುತ್ತದೆ. ಕಾಲೇಜು ಇರುವ ಊರುಗಳಲ್ಲಿ ದುಡಿಮೆ ಇಲ್ಲದ ವಿದ್ಯಾರ್ಥಿಗಳೂ ಬಡವರ ಲೆಕ್ಕಕ್ಕೆ ಸೇರಿ ಅಂಕಿ ಉಬ್ಬುತ್ತದೆ. ರಾಚೆಸ್ಟರ್‌ನಲ್ಲೂ ಹಾಗೇನಾ? ಅಲ್ಲ. ಹಾಸ್ಟೆಲಿನಲ್ಲಿರುವವರನ್ನು ಗಣತಿ ಇಲಾಖೆ ಬಡತನದ ಲೆಕ್ಕಕ್ಕೆ ಹಿಡಿಯುವುದೇ ಇಲ್ಲ. ಅದಕ್ಕಿಂತ ದೊಡ್ಡ ಸಾಕ್ಷಿ ಮಕ್ಕಳು. ಈ ನಗರದ ಮಕ್ಕಳಲ್ಲಿ ಹತ್ತಕ್ಕೆ ನಾಲ್ವರು ಬಡತನ ರೇಖೆಯ ಕೆಳಗಿನ ಮನೆಯವರು. ಇಷ್ಟು ದೊಡ್ಡ ನಗರಗಳ ಸಾಲಿನಲ್ಲಿ ಅಮೆರಿಕದಲ್ಲೇ ಅತಿ ಹೆಚ್ಚು ಅನ್ನುವ ಪಟ್ಟಿಯಲ್ಲಿ ರಾಚೆಸ್ಟರ್ ಮತ್ತೆ ಮತ್ತೆ ಬರುತ್ತದೆ.

ಗೆರೆ ದಾಟಲು ಯಾರಿಗೆ ಅವಕಾಶವಿತ್ತು

ಗೆರೆ ದಾಟುವುದು ಎಲ್ಲರಿಗೂ ತೆರೆದ ದಾರಿಯಾಗಿದ್ದರೆ ಈ ಕಥೆ ಇಲ್ಲಿಗೇ ಮುಗಿಯುತ್ತಿತ್ತು. ಹಾಗಿರಲಿಲ್ಲ.

1950ರಲ್ಲಿ ರಾಚೆಸ್ಟರ್‌ನ ಕಪ್ಪು ಜನರ ಸಂಖ್ಯೆ ಎಂಟು ಸಾವಿರದಷ್ಟೂ ಇರಲಿಲ್ಲ. ಹತ್ತು ವರ್ಷದಲ್ಲಿ ಅದು ಸುಮಾರು ಮೂರು ಪಟ್ಟಾಯಿತು. ಶಿಕಾಗೊ, ಡೆಟ್ರಾಯಿಟ್‌ಗಳಿಗೆ ದಕ್ಷಿಣದಿಂದ ಕಪ್ಪು ಜನರ ವಲಸೆ ಎಷ್ಟೋ ಮೊದಲೇ ಶುರುವಾಗಿತ್ತು. ರಾಚೆಸ್ಟರ್‌ಗೆ ಅದು ತಡವಾಗಿ ಬಂತು, ಒಮ್ಮೆಲೇ ಬಂತು. ಬಂದವರಲ್ಲಿ ತುಂಬ ಜನ ಫ್ಲೋರಿಡಾದ ಸ್ಯಾನ್‌ಫರ್ಡ್ ಕಡೆಯವರು. ಸುಗ್ಗಿ ಕಾಲಕ್ಕೆ ಸೇಬಿನ ತೋಟ, ತರಕಾರಿ ಹೊಲಗಳ ಕೂಲಿಗೆ ಬಂದವರು ಕ್ರಮೇಣ ನಗರದಲ್ಲಿ ನಿಂತರು. ಅವರಿಗೆ ಬಾಡಿಗೆಗೆ ಮನೆ ಸಿಗುತ್ತಿದ್ದದ್ದು ಎರಡೇ ವಾರ್ಡುಗಳಲ್ಲಿ. ಒಂದು ಜೋಸೆಫ್ ಅವೆನ್ಯೂ ಸುತ್ತಿನ ಏಳನೇ ವಾರ್ಡು, ಇನ್ನೊಂದು ಕ್ಲಾರಿಸ್ಸಾ ಸ್ಟ್ರೀಟ್ ಇದ್ದ ಮೂರನೇ ವಾರ್ಡು.

ಬೇರೆ ಕಡೆ ಯಾಕೆ ಸಿಗಲಿಲ್ಲ? 1930ರ ದಶಕದಲ್ಲಿ ಕೇಂದ್ರ ಸರ್ಕಾರದ ಒಂದು ಸಂಸ್ಥೆ ನಗರಗಳ ನಕ್ಷೆ ಮಾಡಿ, ಸಾಲ ಕೊಡುವುದು ಅಪಾಯ ಅನ್ನಿಸಿದ ಬೀದಿಗಳಿಗೆ ಕೆಂಪು ಬಣ್ಣ ಬಳಿಯಿತು. ಕಪ್ಪು ಜನ ಇದ್ದ ಬೀದಿಗಳು ಕೆಂಪಾದವು. ಸರ್ಕಾರದ ಖಾತ್ರಿ ಇರುವ ಗೃಹಸಾಲ ಉಪನಗರದ ಹೊಸ ಮನೆಗಳಿಗೆ ಹರಿಯಿತು. ಅದೂ ಸಾಲದು ಎಂಬಂತೆ ಜಮೀನಿನ ಕ್ರಯಪತ್ರಗಳಲ್ಲೇ ಷರತ್ತು ಬರೆದರು. ಬ್ರೈಟನ್‌ನಲ್ಲಿ ಮೆಡೋಬ್ರೂಕ್ ಅಂತ ಒಂದು ಬಡಾವಣೆ ಇದೆ. ಮರಗಳ ಸಾಲು, ಅಚ್ಚುಕಟ್ಟಾದ ಮನೆಗಳು. ಅದನ್ನು ಕಟ್ಟಿಸಿದ್ದು ಕೊಡಾಕ್ ತನ್ನ ನೌಕರರಿಗಾಗಿ ಮಾಡಿದ ರಿಯಾಲ್ಟಿ ಕಂಪನಿ. ಅಲ್ಲಿನ ಕ್ರಯಪತ್ರಗಳಲ್ಲಿ, ಈ ಮನೆಯನ್ನು ಕಪ್ಪು ಬಣ್ಣದವರಿಗೆ ಮಾರಬಾರದು, ಅವರು ಇದರಲ್ಲಿ ವಾಸ ಮಾಡಬಾರದು ಅನ್ನುವ ಅರ್ಥದ ಷರತ್ತು ಇತ್ತು. 1948ರಲ್ಲಿ ಸುಪ್ರೀಂ ಕೋರ್ಟು ಇಂಥ ಷರತ್ತುಗಳನ್ನು ಕೋರ್ಟುಗಳು ಜಾರಿ ಮಾಡುವಂತಿಲ್ಲ ಎಂದಿತು. ಆದರೂ ಕಾಗದದಲ್ಲಿ ಸಾಲುಗಳು ಉಳಿದವು. ಅಲ್ಲಿನ ನಿವಾಸಿಗಳು ಈಚೆಗೆ ತಾವೇ ಮುಂದೆ ಬಂದು ಆ ಷರತ್ತನ್ನು ಕಾನೂನುಬದ್ಧವಾಗಿ ತಿರಸ್ಕರಿಸಿದರು. ಎಷ್ಟು ತಡವಾದರೂ ಅದು ಆಗಬೇಕಿದ್ದ ಕೆಲಸ.

ಹಾಗಾಗಿ ಮೂವತ್ತು ವರ್ಷದ ಆ ವಲಸೆಯನ್ನು ಬರೀ ‘ಜನರ ಇಷ್ಟ’ ಅನ್ನುವುದು ನನಗೆ ಒಪ್ಪಿಗೆಯಿಲ್ಲ. ಒಬ್ಬರ ಕೈಗೆ ಸಾಲದ ಚೆಕ್ಕು, ಇನ್ನೊಬ್ಬರ ಮುಂದೆ ಮುಚ್ಚಿದ ಬಾಗಿಲು. ಇಬ್ಬರ ಆಯ್ಕೆಯನ್ನೂ ಒಂದೇ ತಕ್ಕಡಿಯಲ್ಲಿ ತೂಗಲು ಬರುವುದಿಲ್ಲ.

ಕೆಲಸದ ಬಾಗಿಲೂ ಅರ್ಧ ಮುಚ್ಚಿತ್ತು. ಕೊಡಾಕ್ ಬಗ್ಗೆ ಹಳಬರು ಪ್ರೀತಿಯಿಂದ ಮಾತಾಡುವುದು ಸುಮ್ನೆ ಅಲ್ಲ. ಹೈಸ್ಕೂಲು ಮುಗಿಸಿ ಸೇರಿದರೆ ನಿವೃತ್ತಿಯವರೆಗೆ ಕೆಲಸ. 1912ರಿಂದ ‘ವೇಜ್ ಡಿವಿಡೆಂಡ್’ ಅಂತ ಲಾಭದ ಪಾಲು ನೌಕರರಿಗೂ ಬರುತ್ತಿತ್ತು. ಬೋನಸ್ ಬರುವ ಮಾರ್ಚ್ ಹೊತ್ತಿಗೆ ಊರಿನ ಕಾರಿನ ಅಂಗಡಿ, ಪೀಠೋಪಕರಣದ ಅಂಗಡಿಗಳೆಲ್ಲ ರಿಯಾಯಿತಿ ಮಾರಾಟ ಇಡುತ್ತಿದ್ದವು. ಕಾರ್ಮಿಕ ಸಂಘ ಬೇಕು ಅನ್ನಿಸದ ಹಾಗೆ ಕಂಪನಿ ನೋಡಿಕೊಂಡಿತು. ಆದರೆ ಆ ಬಾಗಿಲಲ್ಲಿ ಕಪ್ಪು ಜನರಿಗೆ ಪ್ರವೇಶ ಸಿಕ್ಕಿದ್ದು ಬಹಳ ಕಡಿಮೆ. ಅಣ್ಣ, ಅಪ್ಪ, ಮಾವ ಅಲ್ಲಿದ್ದರೆ ಮಗನಿಗೂ ಅಲ್ಲಿ ಕೆಲಸ ಸಿಗುತ್ತಿತ್ತು. ಅಲ್ಲಿ ಯಾರೂ ಇಲ್ಲದವರಿಗೆ ಎಲ್ಲಿಂದ ಸಿಗಬೇಕು?

1964ರ ಜುಲೈ 24ರ ರಾತ್ರಿ ಜೋಸೆಫ್ ಅವೆನ್ಯೂ ಬಳಿ ನಡೆಯುತ್ತಿದ್ದ ಬೀದಿ ನೃತ್ಯದಲ್ಲಿ ಪೊಲೀಸರು ಒಬ್ಬ ಯುವಕನನ್ನು ಹಿಡಿದರು. ಅಲ್ಲಿಂದ ಹೊತ್ತಿಕೊಂಡ ಗಲಭೆ ಮೂರು ದಿನ ನಡೆಯಿತು. ನ್ಯಾಷನಲ್ ಗಾರ್ಡ್ ಎಂಬ ಮೀಸಲು ಸೇನೆ ಬರಬೇಕಾಯಿತು. ಮರುವರ್ಷ ಚರ್ಚುಗಳು ಮತ್ತು ಕಪ್ಪು ಸಮುದಾಯದ ನಾಯಕರು ಸೇರಿ ‘ಫೈಟ್’ ಎಂಬ ಸಂಘಟನೆ ಕಟ್ಟಿದರು. ಪಾದ್ರಿ ಫ್ರಾಂಕ್ಲಿನ್ ಫ್ಲೋರೆನ್ಸ್ ಅದರ ಮುಂದಾಳು. ಶಿಕಾಗೊದ ಸಾಲ್ ಅಲಿನ್‌ಸ್ಕಿ ಸಂಘಟನೆಯ ದಾರಿ ಹೇಳಿಕೊಟ್ಟರು. 1966ರ ಡಿಸೆಂಬರ್‌ನಲ್ಲಿ ಕೊಡಾಕ್‌ನ ಒಬ್ಬ ಸಹಾಯಕ ಉಪಾಧ್ಯಕ್ಷರು 600 ಜನರಿಗೆ ಕೆಲಸ ಕೊಡುವ ಒಪ್ಪಂದಕ್ಕೆ ಸಹಿ ಹಾಕಿದರು. ಕೆಲವೇ ದಿನದಲ್ಲಿ ಕಂಪನಿ, ಅವರಿಗೆ ಆ ಅಧಿಕಾರ ಇರಲಿಲ್ಲ ಅಂತ ಒಪ್ಪಂದ ತಳ್ಳಿಹಾಕಿತು. ಆಗ ‘ಫೈಟ್’ನವರು ಷೇರುದಾರರ ಮತಗಳನ್ನು ಒಟ್ಟು ಮಾಡಿಕೊಂಡು 1967ರ ವಾರ್ಷಿಕ ಸಭೆಗೇ ಹೋದರು. ಷೇರು ಹಿಡಿದು ಕಂಪನಿಯನ್ನು ನ್ಯಾಯ ಕೇಳುವುದು ಇವತ್ತು ಅಮೆರಿಕದಲ್ಲಿ ಮಾಮೂಲು. ಅದರ ಮೊದಲ ದೊಡ್ಡ ಪ್ರಯೋಗಗಳಲ್ಲಿ ಇದೂ ಒಂದು. ಕೊನೆಗೆ ಕೊಡಾಕ್ ಮಾತುಕತೆಗೆ ಬಂತು. ಜೆರಾಕ್ಸ್ ಇನ್ನೂ ಮುಂದೆ ಹೋಗಿ, ಕಪ್ಪು ಜನರೇ ನಡೆಸುವ ಒಂದು ಕಾರ್ಖಾನೆ ಶುರುವಾಗಲು ನೆರವಾಯಿತು.

ಇಷ್ಟರಲ್ಲಿ ನಗರದ ನಡುವೆ ಇನ್ನೊಂದು ಗೆರೆಯೂ ಬಂದಿತ್ತು. ಉಪನಗರದ ಕಾರುಗಳು ಬೇಗ ಬಂದು ಬೇಗ ಹೋಗಲಿ ಅಂತ 1950 ಮತ್ತು 60ರ ದಶಕದಲ್ಲಿ ಪೇಟೆಯ ಸುತ್ತ ‘ಇನ್ನರ್ ಲೂಪ್’ ಎಂಬ ಹೆದ್ದಾರಿ ತೋಡಿದರು. ನಿಜಕ್ಕೂ ತೋಡಿದ್ದೇ. ಪೂರ್ವ ಭಾಗದಲ್ಲಿ ರಸ್ತೆ ನೆಲಮಟ್ಟಕ್ಕಿಂತ ಕೆಳಗೆ, ಕಂದಕದ ಹಾಗೆ ಹೋಗುತ್ತಿತ್ತು. ಮನೆ, ಅಂಗಡಿಗಳ ಎಷ್ಟೋ ಸಾಲುಗಳು ನೆಲಸಮವಾದವು. ಈ ಊರಿಗೆ ಮುಂಚೆ ಒಂದು ಪುಟ್ಟ ಸಬ್‌ವೇ ರೈಲೂ ಇತ್ತು, ಹಳೆಯ ಈರಿ ಕಾಲುವೆಯ ಪಾತ್ರದಲ್ಲೇ ಓಡುತ್ತಿತ್ತು. 1956ರಲ್ಲಿ ಅದರ ಪ್ರಯಾಣಿಕರ ಸೇವೆ ನಿಂತಿತು. ರೈಲು ಹೋಗಿ ಹೆದ್ದಾರಿ ಬಂದದ್ದು ಯಾರಿಗೆ ಅನುಕೂಲವಾಯಿತು ಅನ್ನುವುದನ್ನು ಬಿಡಿಸಿ ಹೇಳಬೇಕಿಲ್ಲ.

ಈಗ ಒಳಗೆ ಯಾರಿದ್ದಾರೆ

2020ರ ಲೆಕ್ಕದ ಪ್ರಕಾರ ನಗರದಲ್ಲಿ ಕಪ್ಪು ಜನ ನೂರಕ್ಕೆ ಸುಮಾರು 38, ಬಿಳಿಯರು ಸುಮಾರು 33, ಹಿಸ್ಪಾನಿಕ್ ಮೂಲದವರು, ಅಂದರೆ ಸ್ಪ್ಯಾನಿಷ್ ಮಾತಾಡುವ ನಾಡುಗಳ ಮೂಲದವರು, ಸುಮಾರು 20. ಏಷ್ಯಾದವರು ನಾಲ್ಕರಷ್ಟು. ಯಾವ ಗುಂಪಿಗೂ ಬಹುಮತವಿಲ್ಲ.

ಈ ಅಂಕಿಗಳನ್ನು ಓದುವಾಗ ಒಂದು ಎಚ್ಚರ ಬೇಕು. ಅಮೆರಿಕದ ಗಣತಿಯಲ್ಲಿ ಹಿಸ್ಪಾನಿಕ್ ಅನ್ನುವುದು ಜನಾಂಗದ ಪಟ್ಟಿಯಲ್ಲಿ ಇರಲಿಲ್ಲ. ‘ನೀವು ಹಿಸ್ಪಾನಿಕ್ ಮೂಲದವರಾ?’ ಅಂತ ಒಂದು ಪ್ರಶ್ನೆ, ‘ನಿಮ್ಮ ಜನಾಂಗ ಯಾವುದು?’ ಅಂತ ಇನ್ನೊಂದು. ಹೀಗಾಗಿ ಒಬ್ಬರೇ ಕಪ್ಪು ಜನರ ಲೆಕ್ಕಕ್ಕೂ ಹಿಸ್ಪಾನಿಕ್ ಲೆಕ್ಕಕ್ಕೂ ಸೇರಬಹುದು. ಕೂಡಿಸಿದರೆ ನೂರು ದಾಟುವ ಪಟ್ಟಿ ಕಂಡರೆ ಕಾರಣ ಇದೇ. 2024ರ ಮಾರ್ಚ್‌ನಲ್ಲಿ ಈ ಎರಡು ಪ್ರಶ್ನೆಗಳನ್ನು ಒಂದಾಗಿಸುವ ನಿಯಮ ಹೊರಬಂತು. ಭಾರತೀಯರ ಲೆಕ್ಕವೂ ಹೀಗೇ ಬದಲಾಗಿದೆ. 1970ರ ಗಣತಿಯಲ್ಲಿ ಅವರನ್ನು ಬಿಳಿಯರ ಜೊತೆ ಎಣಿಸಿದ್ದರು. ‘ಏಷ್ಯನ್ ಇಂಡಿಯನ್’ ಎಂಬ ಬೇರೆ ಗುರುತು ಬಂದದ್ದು 1980ರಲ್ಲಿ.

ರಾಚೆಸ್ಟರ್‌ನ ಹಿಸ್ಪಾನಿಕ್ ಜನರಲ್ಲಿ ಹೆಚ್ಚಿನವರು ಅಮೆರಿಕದ ಆಡಳಿತಕ್ಕೆ ಸೇರಿದ ಕೆರಿಬಿಯನ್ ದ್ವೀಪ ಪೋರ್ಟೊರಿಕೊದವರು. ಅವರೂ ಮೊದಲು ಬಂದದ್ದು ಹೊಲದ ಕೆಲಸಕ್ಕೇ. ಹುಟ್ಟಿನಿಂದಲೇ ಅಮೆರಿಕದ ಪ್ರಜೆಗಳಾದ್ದರಿಂದ ಅವರಿಗೆ ವೀಸಾ ಬೇಕಿಲ್ಲ. 2017ರಲ್ಲಿ ಮರಿಯಾ ಚಂಡಮಾರುತ ದ್ವೀಪವನ್ನು ಹಾಳುಗೆಡವಿದಾಗ ಇನ್ನಷ್ಟು ಕುಟುಂಬಗಳು ಇಲ್ಲಿನ ನೆಂಟರ ಮನೆಗೆ ಬಂದವು. ವರ್ಷದ ನಡುವೆ ಬಂದ ಮಕ್ಕಳನ್ನು ನಗರದ ಶಾಲೆಗಳು ಸೇರಿಸಿಕೊಂಡವು. ಭೂತಾನಿನಿಂದ ಹೊರದೂಡಿಸಿಕೊಂಡು ನೇಪಾಳದ ಶಿಬಿರಗಳಲ್ಲಿ ವರ್ಷಗಟ್ಟಲೆ ಕಾದ ನೇಪಾಳಿ ಮಾತಾಡುವ ಜನರೂ 2008ರ ನಂತರ ಇಲ್ಲಿಗೆ ಬಂದು ನೆಲೆ ನಿಂತಿದ್ದಾರೆ. ಸೋಮಾಲಿಯಾ, ಬರ್ಮಾದ ನಿರಾಶ್ರಿತರೂ ಇದ್ದಾರೆ. ಜನ ಬಿಟ್ಟುಹೋದ ನಗರದಲ್ಲಿ ಕಡಿಮೆ ಬಾಡಿಗೆಗೆ ಮನೆ ಸಿಗುತ್ತದೆ, ಅದೇ ಅವರಿಗೆ ನೆರವಾಯಿತು.

ಇನ್ನೊಂದು ಸಮುದಾಯದ ಬಗ್ಗೆ ಹೇಳದೆ ಮುಂದೆ ಹೋಗಲು ಮನಸ್ಸಿಲ್ಲ. ಕಿವುಡರ ಸಂಖ್ಯೆ ಊರಿನ ಗಾತ್ರಕ್ಕೆ ಹೋಲಿಸಿದರೆ ರಾಚೆಸ್ಟರ್‌ನಲ್ಲಿ ತುಂಬ ಜಾಸ್ತಿ. 1876ರಲ್ಲೇ ಇಲ್ಲಿ ಕಿವುಡ ಮಕ್ಕಳ ಶಾಲೆ ಶುರುವಾಗಿತ್ತು. 1968ರಲ್ಲಿ ರಾಚೆಸ್ಟರ್ ತಾಂತ್ರಿಕ ವಿದ್ಯಾಲಯದೊಳಗೆ ಕಿವುಡರ ರಾಷ್ಟ್ರೀಯ ತಾಂತ್ರಿಕ ಸಂಸ್ಥೆ ಬಾಗಿಲು ತೆರೆಯಿತು. ಓದಲು ಬಂದವರು ಇಲ್ಲೇ ಉಳಿದರು. ಆಸ್ಪತ್ರೆಯಲ್ಲಿ, ಸಭೆಗಳಲ್ಲಿ ಸಂಜ್ಞಾಭಾಷೆಯ ದುಭಾಷಿಗಳು ಇರುವುದು ಅಲ್ಲಿ ಸಾಮಾನ್ಯ. ಜನಾಂಗ, ಆದಾಯದ ಕೋಷ್ಟಕಗಳಲ್ಲಿ ಇದು ಕಾಣುವುದೇ ಇಲ್ಲ.

ಭಾರತೀಯರು? ಕೊಡಾಕ್, ಜೆರಾಕ್ಸ್‌ಗಳಿಗೆ ಎಂಜಿನಿಯರುಗಳಾಗಿ, ಆಸ್ಪತ್ರೆಗಳಿಗೆ ವೈದ್ಯರಾಗಿ ಬಂದವರು ಹೆಚ್ಚಾಗಿ ಉಪನಗರಗಳಲ್ಲೇ ಮನೆ ಮಾಡಿದರು. ರಾಚೆಸ್ಟರ್‌ನ ಹಿಂದೂ ದೇವಸ್ಥಾನ ಇರುವುದೂ ಪಿಟ್ಸ್‌ಫರ್ಡ್‌ನಲ್ಲಿ. ಗೆರೆಯ ಯಾವ ಕಡೆ ಮನೆ ಮಾಡಬೇಕು ಅಂತ ಯೋಚಿಸಿದ ಪ್ರತಿ ಕುಟುಂಬವೂ ಮೊದಲು ನೋಡಿದ್ದು ಶಾಲೆಯನ್ನು. ಇವತ್ತೂ ಹಾಗೇ.

ಶಾಲೆ ಮತ್ತು ತೆರಿಗೆ

ಮನ್ರೋ ಕೌಂಟಿಯೊಂದರಲ್ಲೇ ಸುಮಾರು 18 ಶಾಲಾ ಜಿಲ್ಲೆಗಳಿವೆ. ಮನೆಯ ವಿಳಾಸ ಯಾವ ಜಿಲ್ಲೆಯೋ ಮಗುವಿಗೆ ಆ ಜಿಲ್ಲೆಯ ಶಾಲೆ. ಉಪನಗರದ ಶಾಲೆಗಳಿಗೆ ಅಲ್ಲಿನ ಮನೆಗಳ ಆಸ್ತಿ ತೆರಿಗೆಯಿಂದ ದುಡ್ಡು. ಮನೆಯ ಬೆಲೆ ಜಾಸ್ತಿ ಇದ್ದರೆ ಶಾಲೆ ಚೆನ್ನ. ಶಾಲೆ ಚೆನ್ನಾಗಿದ್ದರೆ ಮನೆಯ ಬೆಲೆ ಇನ್ನೂ ಜಾಸ್ತಿ. ನಗರದ ಕಥೆ ಬೇರೆ. ನಗರಪಾಲಿಕೆ ಶಾಲೆಗಳಿಗೆ ವರ್ಷಕ್ಕೆ ಸುಮಾರು 11 ಕೋಟಿ 90 ಲಕ್ಷ ಡಾಲರ್ ಕೊಡುತ್ತದೆ. ವರ್ಷಗಳಿಂದ ಅದೇ ಮೊತ್ತ. ಉಳಿದ ದೊಡ್ಡ ಪಾಲು ರಾಜ್ಯ ಸರ್ಕಾರದಿಂದ ಬರಬೇಕು. ನಗರದ ಶಾಲೆಗಳ ಹತ್ತು ಮಕ್ಕಳಲ್ಲಿ ಎಂಟೋ ಒಂಬತ್ತೋ ಬಡ ಮನೆಯವರು. ಒಂದೇ ತರಗತಿಯಲ್ಲಿ ಅಷ್ಟು ಕಷ್ಟ ಒಟ್ಟಾದಾಗ ಮೇಷ್ಟ್ರು ಎಷ್ಟು ಒಳ್ಳೆಯವರಾದರೂ ಸಾಲದು.

ಎರಡು ಕಡೆಯ ಮಕ್ಕಳನ್ನು ಸೇರಿಸಿ ಅಂತ ಕೋರ್ಟು ಹೇಳಬಹುದಿತ್ತಲ್ವಾ? 1974ರಲ್ಲಿ ಡೆಟ್ರಾಯಿಟ್‌ನ ಮೊಕದ್ದಮೆಯೊಂದರಲ್ಲಿ ಸುಪ್ರೀಂ ಕೋರ್ಟು ಆ ದಾರಿಯನ್ನು ಹೆಚ್ಚುಕಡಿಮೆ ಮುಚ್ಚಿಬಿಟ್ಟಿತು. ಉಪನಗರದ ಶಾಲಾ ಜಿಲ್ಲೆ ತಾನೇ ತಪ್ಪು ಮಾಡಿದೆ ಅಂತ ಸಾಬೀತಾಗದೆ ಅದನ್ನು ನಗರದ ಜೊತೆ ಸೇರಿಸುವಂತಿಲ್ಲ ಎಂದಿತು. ಇಂದಿನ ಅಮೆರಿಕದ ನಗರಗಳ ಲೆಕ್ಕ ಹೀಗೇಕೆ ಇದೆ ಅಂತ ಕೇಳಿದರೆ ನಾನು ಮೊದಲು ತೋರಿಸುವುದು ಈ ತೀರ್ಪನ್ನೇ.

ಗೆರೆಯನ್ನು ಸ್ವಲ್ಪವಾದರೂ ದಾಟಿದ ಎರಡು ಪ್ರಯತ್ನಗಳು ರಾಚೆಸ್ಟರ್‌ನಲ್ಲೇ ಇವೆ. 1965ರಲ್ಲಿ ಪಕ್ಕದ ವೆಸ್ಟ್ ಐರೊಂಡಿಕ್ವಾಯ್ಟ್‌ನ ಶಾಲೆಗಳು ನಗರದ 24 ಮಕ್ಕಳನ್ನು ತಾವಾಗಿಯೇ ಸೇರಿಸಿಕೊಂಡವು. ‘ಅರ್ಬನ್-ಸಬರ್ಬನ್’ ಅನ್ನುವ ಆ ಯೋಜನೆ ಈಗಲೂ ನಡೆಯುತ್ತಿದೆ. ಇಂಥ ಸ್ವಯಂಪ್ರೇರಿತ ಯೋಜನೆಗಳಲ್ಲಿ ದೇಶದಲ್ಲೇ ಅತಿ ಹಳೆಯದು. ಆದರೆ ಸಾವಿರಾರು ಮಕ್ಕಳ ಲೆಕ್ಕದ ಮುಂದೆ ಅದು ಪುಟ್ಟದು. ಎರಡನೆಯದು ದುಡ್ಡಿನದು. 1985ರ ಒಪ್ಪಂದದ ಪ್ರಕಾರ ಕೌಂಟಿ ವಸೂಲಿ ಮಾಡುವ ಮಾರಾಟ ತೆರಿಗೆಯನ್ನು ನಗರ, ಟೌನ್‌ಗಳು, ಶಾಲೆಗಳು ಹಂಚಿಕೊಳ್ಳುತ್ತವೆ. ಹೆನ್ರಿಯೆಟ್ಟಾದ ಮಾಲಿನಲ್ಲಿ ಖರ್ಚು ಮಾಡಿದ ದುಡ್ಡಿನ ಒಂದು ಪಾಲು ನಗರಕ್ಕೂ ಬರುತ್ತದೆ. ಈ ಒಪ್ಪಂದ ಇಲ್ಲದಿದ್ದರೆ ನಗರದ ಖಜಾನೆ ಏನಾಗುತ್ತಿತ್ತೋ.

ಕೆಲಸ ಹೋಯಿತಾ, ಬದಲಾಯಿತಾ?

ಈಗ ಕೊಡಾಕ್‌ಗೆ ವಾಪಸ್ ಬರೋಣ. 60 ಸಾವಿರ ಕೆಲಸ ಕರಗಿದ್ದು ನಿಜ. ಈಗ ರಾಚೆಸ್ಟರ್‌ನಲ್ಲಿ ಕೊಡಾಕ್ ನೌಕರರು ಎರಡು ಸಾವಿರವೂ ಇಲ್ಲ. 2007ರಲ್ಲಿ ಕೊಡಾಕ್ ಪಾರ್ಕ್ ಎಂಬ ಅದರ ದೊಡ್ಡ ಕಾರ್ಖಾನೆ ಆವರಣದ 65 ಮತ್ತು 69ನೇ ಕಟ್ಟಡಗಳನ್ನು ಸ್ಫೋಟಿಸಿ ಕೆಡವಿದಾಗ ಅಲ್ಲಿ ದುಡಿದಿದ್ದವರು ಬಂದು ನಿಂತು ನೋಡಿದ್ದರು. ಡಿಜಿಟಲ್ ಕ್ಯಾಮೆರಾದ ಮೊದಲ ಮಾದರಿಯನ್ನು 1975ರಲ್ಲಿ ಮಾಡಿದ್ದೂ ಕೊಡಾಕ್‌ನದೇ ಎಂಜಿನಿಯರು ಸ್ಟೀವ್ ಸ್ಯಾಸನ್.

ಆದರೂ ಇಡೀ ಸೀಮೆಯ ಒಟ್ಟು ಉದ್ಯೋಗ ಕುಸಿಯಲಿಲ್ಲ. 1980ರಲ್ಲಿ ನಾಲ್ಕು ಲಕ್ಷದ ಆಸುಪಾಸು ಇದ್ದದ್ದು 2010ಕ್ಕೆ ಐದು ಲಕ್ಷದ ಆಸುಪಾಸಿಗೆ ಬಂತು. ಈಗ ಅತಿ ದೊಡ್ಡ ಕೆಲಸದಾತ ರಾಚೆಸ್ಟರ್ ವಿಶ್ವವಿದ್ಯಾಲಯ. ಅದರ ಆಸ್ಪತ್ರೆಗಳೂ ಸೇರಿ 30 ಸಾವಿರಕ್ಕೂ ಜಾಸ್ತಿ ನೌಕರರು. ಅದರ ನಂತರ ರಾಚೆಸ್ಟರ್ ರೀಜನಲ್ ಹೆಲ್ತ್ ಅನ್ನುವ ಇನ್ನೊಂದು ಆಸ್ಪತ್ರೆ ಸಮೂಹ, ಊರಿನ ಹೆಮ್ಮೆಯ ವೆಗ್‌ಮನ್ಸ್ ದಿನಸಿ ಅಂಗಡಿಗಳು. ಸಂಬಳ ಪಟ್ಟಿ ಮಾಡಿಕೊಡುವ ಪೇಚೆಕ್ಸ್ ಶುರುವಾದದ್ದೂ 1971ರಲ್ಲಿ ಇಲ್ಲೇ. ಕೊಡಾಕ್, ಬಾಷ್ ಅಂಡ್ ಲಾಂಬ್ ಬಿಟ್ಟುಹೋದ ಗಾಜು-ಬೆಳಕಿನ ಕಸುಬು ಹಾಳಾಗಲಿಲ್ಲ. ಲೆನ್ಸು, ಲೇಸರು ಮಾಡುವ ಸಣ್ಣ ಸಣ್ಣ ಕಂಪನಿಗಳು ಸಾಕಷ್ಟಿವೆ. 2018ರ ಭೌತಶಾಸ್ತ್ರದ ನೊಬೆಲ್‌ನಲ್ಲಿ ಪಾಲು ಪಡೆದ ಡೊನ್ನಾ ಸ್ಟ್ರಿಕ್‌ಲ್ಯಾಂಡ್ ಮತ್ತು ಜೆರಾರ್ ಮುರು ಇಬ್ಬರೂ ಆ ಬಹುಮಾನ ತಂದ ಕೆಲಸ ಮಾಡಿದ್ದು 1980ರ ದಶಕದಲ್ಲಿ ಈ ವಿಶ್ವವಿದ್ಯಾಲಯದ ಲೇಸರ್ ಪ್ರಯೋಗಾಲಯದಲ್ಲಿ. ಹಳೆಯ ಕೊಡಾಕ್ ಪಾರ್ಕ್ ಈಗ ಬೇರೆ ಬೇರೆ ಕಂಪನಿಗಳ ಕೈಗಾರಿಕಾ ಪ್ರದೇಶ. ಒಂದು ಕಡೆ ಹಾಲಿವುಡ್‌ಗೆ ಸಿನಿಮಾ ರೀಲು ತಯಾರಾಗುತ್ತದೆ, ಇನ್ನೊಂದು ಕಡೆ ಟೊಮ್ಯಾಟೊ ಸಾಸು.

ಬದಲಾದದ್ದು ಕೆಲಸದ ಆಕಾರ. ಕೊಡಾಕ್‌ನಲ್ಲಿ ನಡುವಿನ ಮೆಟ್ಟಿಲು ಅಗಲವಾಗಿತ್ತು. ಡಿಗ್ರಿ ಇಲ್ಲದವನೂ ಹತ್ತಿ, ಮನೆ ಕೊಂಡು, ಮಕ್ಕಳನ್ನು ಕಾಲೇಜಿಗೆ ಕಳಿಸಬಹುದಿತ್ತು. ಆಸ್ಪತ್ರೆ ಮತ್ತು ವಿಶ್ವವಿದ್ಯಾಲಯದಲ್ಲಿ ಮೇಲೆ ವೈದ್ಯರು, ಸಂಶೋಧಕರು. ಕೆಳಗೆ ರೋಗಿಗಳ ಆರೈಕೆ ಮಾಡುವವರು, ಅಡುಗೆಯವರು, ಸ್ವಚ್ಛತೆಯವರು. ನಡುವೆ ನರ್ಸು, ತಂತ್ರಜ್ಞರು ಇದ್ದಾರೆ ನಿಜ, ಆದರೆ ಅಲ್ಲಿಗೆ ಹೋಗಲು ಪದವಿ, ಲೈಸೆನ್ಸು ಬೇಕು. ಮೇಲಿನವರಲ್ಲಿ ಬಹಳ ಮಂದಿ ಸಂಜೆ ಬ್ರೈಟನ್, ಪಿಟ್ಸ್‌ಫರ್ಡ್‌ಗೆ ಹೋಗುತ್ತಾರೆ. ಸಂಬಳ ನಗರದಲ್ಲಿ ಹುಟ್ಟುತ್ತದೆ, ಮನೆ ತೆರಿಗೆ ಹೊರಗೆ ಕಟ್ಟುತ್ತದೆ. ಮೇಲಾಗಿ ಲಾಭರಹಿತ ಸಂಸ್ಥೆಗಳಾದ್ದರಿಂದ ವಿಶ್ವವಿದ್ಯಾಲಯ, ಆಸ್ಪತ್ರೆಗಳ ಕಟ್ಟಡಗಳಿಗೆ ಬಹುಪಾಲು ಆಸ್ತಿ ತೆರಿಗೆಯಿಲ್ಲ. ಊರಿನ ಅತಿ ದೊಡ್ಡ ಕೆಲಸದಾತನಿಂದ ನಗರಪಾಲಿಕೆಗೆ ಮೊದಲಿನ ಕಾರ್ಖಾನೆಗಳಿಂದ ಬಂದಂತೆ ತೆರಿಗೆ ಬರುವುದಿಲ್ಲ.

ಹಾಗಂತ ನಗರ ಕೈಕಟ್ಟಿ ಕೂತಿಲ್ಲ. ನಗರದ ಹತ್ತರಲ್ಲಿ ಆರು ಮನೆಗಳಲ್ಲಿ ಇರುವವರು ಬಾಡಿಗೆಯವರು. ಮನೆಗಳಲ್ಲಿ ಬಹುಪಾಲು ಹಳೆಯವು, ಗೋಡೆ ಕಿಟಕಿಗಳ ಹಳೆಯ ಬಣ್ಣದಲ್ಲಿ ಸೀಸ. ಚಕ್ಕೆ ಎದ್ದ ಬಣ್ಣದ ಧೂಳು ಮಗುವಿನ ಕೈಯಿಂದ ಬಾಯಿಗೆ ಹೋದರೆ ಮೆದುಳಿಗೇ ಪೆಟ್ಟು. ಮೊದಲೆಲ್ಲ ಮಗುವಿನ ರಕ್ತದಲ್ಲಿ ಸೀಸ ಸಿಕ್ಕಿದ ಮೇಲೆ ಮನೆ ಪರೀಕ್ಷೆ ಮಾಡುತ್ತಿದ್ದರು. 2005ರಲ್ಲಿ ರಾಚೆಸ್ಟರ್ ಇದನ್ನು ತಿರುಗಿಸಿತು. ಬಾಡಿಗೆ ಮನೆಗಳನ್ನು ಮುಂಚೆಯೇ ಪರೀಕ್ಷೆ ಮಾಡಬೇಕು, ಸೀಸದ ಅಪಾಯ ಇದ್ದರೆ ಮಾಲೀಕ ಸರಿಪಡಿಸಬೇಕು ಅಂತ ಕಾನೂನು ತಂದಿತು. ಮಕ್ಕಳ ರಕ್ತದ ಸೀಸ ಗಣನೀಯವಾಗಿ ಇಳಿಯಿತು. ಬೇರೆ ನಗರಗಳು ಈಗ ಇದನ್ನೇ ಮಾದರಿಯಾಗಿ ನೋಡುತ್ತವೆ. ಬಡ ನಗರ ಮಾಡಿದ ಈ ಕೆಲಸ ನನಗೆ ಯಾವ ಹೊಸ ಕಂಪನಿ ಬಂದ ಸುದ್ದಿಗಿಂತ ದೊಡ್ಡದಾಗಿ ಕಾಣುತ್ತದೆ.

ಇನ್ನರ್ ಲೂಪ್‌ನ ಪೂರ್ವ ಭಾಗದ ಕಂದಕವನ್ನು 2014ರಿಂದ 2017ರ ನಡುವೆ ಮಣ್ಣು ತುಂಬಿ ಮುಚ್ಚಿದರು. ಅಲ್ಲಿ ಈಗ ಮಾಮೂಲಿ ರಸ್ತೆ, ಅಪಾರ್ಟ್‌ಮೆಂಟುಗಳು, ಅಂಗಡಿಗಳು. ಉತ್ತರ ಭಾಗವನ್ನೂ ತೆಗೆಯುವ ಯೋಜನೆ ಇದೆ. ಜೋಸೆಫ್ ಅವೆನ್ಯೂ ಇರುವುದು ಆ ಕಡೆ. ಬಿಡುವಾಗುವ ನೆಲದಲ್ಲಿ ಏನು ಕಟ್ಟಬೇಕು, ಎಷ್ಟು ಬಾಡಿಗೆಗೆ, ಯಾರಿಗೆ ಅನ್ನುವ ಚರ್ಚೆ ಅಲ್ಲಿನ ಸಭೆಗಳಲ್ಲಿ ನಡೆದಿದೆ. ಮುಂದಿನ ಗಣತಿ 2030ರಲ್ಲಿ. ಆಗ ನಗರದ ಜನಸಂಖ್ಯೆ ಸಾವಿರ ಏರಿತಾ ಇಳಿಯಿತಾ ಅಂತ ನೋಡುವುದಕ್ಕಿಂತ, ಆ ಉತ್ತರದ ಬೀದಿಗಳಲ್ಲಿ ಹಳೆಯ ನಿವಾಸಿಗಳು ಎಷ್ಟು ಮಂದಿ ಉಳಿದಿದ್ದಾರೆ, ಅವರಲ್ಲಿ ಎಷ್ಟು ಮಂದಿಗೆ ಸ್ವಂತ ಮನೆಯಾಗಿದೆ ಅಂತ ಮೊದಲು ನೋಡಬೇಕು.